ಬೈಗುಳ ನಿಂತ ಮನೆ

30 ಜೂನ್ 2020, ಮಂಗಳವಾರ

ಇವತ್ತಿಗೆ ಕರ್ಫ್ಯೂ ಮುಗಿಯಿತು. ಬೀದಿಯ ಹುಡುಗರು ತಗಡು ಬಡಿದು ಕುಣಿದರು, ಕಾಯಿಲೆಯೇ ಗಂಟುಮೂಟೆ ಕಟ್ಟಿ ಊರು ಬಿಟ್ಟಂತೆ. ಕಾಯಿಲೆ ಎಲ್ಲಿಗೂ ಹೋಗಿಲ್ಲ. ಸರಕಾರಕ್ಕೆ ಬೇಸರ ಬಂದಿದೆ, ಅಷ್ಟೆ.

ಮಗು ಮಲಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನಗಂತೂ ಈಗ ಹಗಲೂ ನಿದ್ದೆ ಬರುವುದಿಲ್ಲ. ಅವಳ ಎದೆ ಏರಿಳಿಯುವುದನ್ನು ನೋಡುತ್ತ ಕೂರುತ್ತೇನೆ. ಹೋದ ವರ್ಷ ನ್ಯುಮೋನಿಯಾ ಆಗಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಳಲ್ಲ, ಆಗ ಹತ್ತಿದ ಚಟ. ಗಂಡ ಲತೀರ್ ಪಕ್ಕದಲ್ಲೇ ಗೊರಕೆ ಹೊಡೆಯುತ್ತಾನೆ. ಗಂಡಸರಿಗೆ ದೇವರು ಆ ಒಂದು ವರ ಕೊಟ್ಟಿದ್ದಾನೆ.

ಅಂಗಳದಲ್ಲಿ ಅತ್ತೆ, ಮನೆಯವರೆಲ್ಲ ಸುತ್ತ ಕೂತು ಒಟ್ಟಿಗೆ ಉಣ್ಣುವ ದೊಡ್ಡ ಹರಿವಾಣವನ್ನು ಮರಳು ಹಾಕಿ ತಿಕ್ಕುತ್ತಿದ್ದಾರೆ. ಮಾರ್ಚ್‌ನಿಂದ ಅದು ಅಡುಗೆಮನೆಯ ಮೂಲೆಯಲ್ಲಿ ಕವುಚಿಬಿದ್ದಿತ್ತು. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ತಂದುಕೊಟ್ಟವಳು ನಾನೇ. ಆಗ ಯಾರೂ ಬೇಡ ಅನ್ನಲಿಲ್ಲ, ರೇಡಿಯೊ ಕೂಡ ಅದನ್ನೇ ಹೇಳುತ್ತಿತ್ತು. ಲತೀರನ ಅಕ್ಕ ಕೋದೂ ಮಾತ್ರ ತಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಯಿಗೆ ಇಟ್ಟಂಗೆ ಇಟ್ಟಿದಾಳೆ ನೋಡವ್ವ, ಈ ತೊತ್ತು" ಅಂದಿದ್ದಳು. ಎಲ್ಲರೂ ನಕ್ಕಿದ್ದೆವು.

ಅವರು ಸೆರೇರ್, ನಾನು ತುಕುಲೋರ್. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ತೊತ್ತು, ಆಳು, ಹೊಟ್ಟೆಬಾಕ ಎಂದು ಬೈಯಲೇಬೇಕು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಮುತ್ತಜ್ಜಂದಿರು ಹಾಕಿದ ಕಟ್ಟಳೆ. ನಾನು ಸೊಸೆಯಾಗಿ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತು, "ಲತೀರ್, ಸಂತೇಲಿ ಇದಕ್ಕಿಂತ ಗಟ್ಟಿ ಆಳು ಸಿಗಲಿಲ್ವೇನೋ" ಎಂದು ಕೇಳಿದ್ದರು. ನಿಮ್ಮನ್ನೇ ಕೊಳ್ಳೋಕೆ ಬಂದಿದ್ದೀನಿ, ಬೆಲೆ ಹೇಳಿ ಎಂದಿದ್ದೆ. ಕಾಲೇಜಿನಲ್ಲಿ ಓದಿದ ಹುಡುಗಿ ಬಾಯಿ ಬಿಡುತ್ತಾಳೋ ಇಲ್ಲವೋ ಎಂದು ಕಾದಿದ್ದ ಈ ರುಫಿಸ್ಕ್ ಪೇಟೆಯ ಹೆಂಗಸರೆಲ್ಲ ಅವತ್ತು ನನ್ನನ್ನು ಒಪ್ಪಿಕೊಂಡರು.

ಈಗ ಹರಿವಾಣ ಹೊರಗೆ ಬರುತ್ತಿದೆ. ನಾನು ಅದಕ್ಕೆ ಕೂರಬೇಕೇ, ಮಗುವನ್ನು ಕೂರಿಸಬೇಕೇ ಎಂಬುದಷ್ಟೇ ಪ್ರಶ್ನೆ. ಬೇಡ. ಇನ್ನೂ ಬೇಡ.

3 ಜುಲೈ, ಶುಕ್ರವಾರ

ಲತೀರ್ ಮಸೀದಿಯಿಂದ ಬಂದ ಮೇಲೆ ಚಾಪೆ ಹಾಸಿದರು. ಮೀನಿನ ಅನ್ನ ಮಾಡಿದ್ದರು. ನುಚ್ಚಕ್ಕಿ ಕೆಂಪಗೆ ಬೆಂದು, ಮೇಲೆ ಮರಗೆಣಸು, ಕೋಸು, ಬದನೆ. ಘಮ ಕೋಣೆಯವರೆಗೂ ಬರುತ್ತಿತ್ತು. ನಾನು ಮೊದಲೇ ಹೋಗಿ ನನ್ನ ಮತ್ತು ಮಗುವಿನ ತಟ್ಟೆಗೆ ಬಡಿಸಿಕೊಂಡು ಬಂದು ಹೊಸ್ತಿಲಲ್ಲಿ ಕೂತೆ.

ಮಗು ತಟ್ಟೆ ಬಿಟ್ಟೆದ್ದು ಹೋಗಿ ಅತ್ತೆಯ ಬೆನ್ನಿಗೆ ಜೋತುಬಿತ್ತು. ಅತ್ತೆ ಅವಳ ಎಡಗೈ ಹಿಡಿದು ಹರಿವಾಣದ ಅಂಚಿನ ಮೇಲಿಟ್ಟರು. ಎಲ್ಲ ಮಕ್ಕಳಿಗೂ ಮೊದಲ ಪಾಠ ಅದೇ. ಎಡಗೈಯಲ್ಲಿ ಅಂಚು ಹಿಡಿ, ಕಣ್ಣು ನಿನ್ನ ಮುಂದಿನ ಅನ್ನದ ಮೇಲಿರಲಿ, ಪಕ್ಕದವರ ಪಾಲಿಗೆ ಕೈ ಹಾಕಬೇಡ, ನಡುವಿನ ಮೀನನ್ನು ಹಿರಿಯರು ಮುರಿದು ಕೊಡುವವರೆಗೆ ಕಾಯಿ. ನಮ್ಮಮ್ಮನೂ ನನಗೆ ಹಾಗೇ ಕಲಿಸಿದ್ದು.

ಹೋಗಿ ಎತ್ತಿಕೊಂಡು ಬಂದೆ. ಸೋಪು ಹಾಕಿ ಅವಳ ಕೈ ತೊಳೆದೆ. ಅತ್ತೆ ಮೀನಿನ ಮುಳ್ಳು ಬಿಡಿಸುತ್ತಲೇ, ನನ್ನ ಹೆಸರಿನವಳನ್ನ ನನ್ನ ಕಣ್ಣೆದುರೇ ಕದ್ದೊಯ್ತಾಳಲ್ಲ, ತೊತ್ತಿನ ಬುದ್ಧಿ ಎಲ್ಲಿ ಹೋಗುತ್ತೆ ಎಂದು ಕೋದೂಗೆ ಹೇಳಿ ನಕ್ಕರು. ಮಗುವಿಗೆ ಇಟ್ಟಿರುವುದು ಅತ್ತೆಯ ಹೆಸರು, ಯಾಂದೆ. ಅದೊಂದು ಹಕ್ಕು ಅವರಿಗೆ. ಆಸ್ಪತ್ರೆಯ ಬಾಗಿಲಲ್ಲಿ ಕೂತು ಕಾದವಳಿಗೆ ಯಾವ ಹಕ್ಕೂ ಇಲ್ಲ.

5 ಜುಲೈ, ಭಾನುವಾರ

ನಿನ್ನೆ ಮಗು ಕೆಮ್ಮಿತು. ಹೆಚ್ಚೇನಲ್ಲ. ಆದರೂ ಬೆಳಗಿನವರೆಗೆ ನನಗೆ ರೆಪ್ಪೆ ಮುಚ್ಚಲಾಗಲಿಲ್ಲ.

ಮಧ್ಯಾಹ್ನ ಕೋದೂ ಮೀನು ಮಾರಿ ಬಂದವಳೇ ಒಂದು ಚೊಂಬು ನೀರಲ್ಲಿ ಕೈ ಅದ್ದಿ ಹರಿವಾಣಕ್ಕೆ ಕೂತಳು. ಸೋಪಿಲ್ಲ. ಅನ್ನವನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ, ಅಷ್ಟು ದೂರದಿಂದ ಬಾಗಿ, ಹೊಸ್ತಿಲಲ್ಲಿ ನನ್ನ ಪಕ್ಕವಿದ್ದ ಮಗುವಿನ ಬಾಯಿಗೆ ಚಾಚಿದಳು. ಮಗು ಬಾಯಿ ತೆರೆಯಿತು. ನಾನು ಕೈ ಅಡ್ಡ ತಂದೆ. ಉಂಡೆ ಮಣ್ಣಿಗೆ ಬಿತ್ತು.

"ಒಡತಿ ಕೈತುತ್ತು ಕೊಟ್ರೆ ತೊತ್ತಿಗೆ ಸೇರಲ್ಲ. ಸಜ್ಜೆ ಹೊಟ್ಟು ಹಾಕಿ, ತಿಂತಾಳೆ" ಎಂದಳು ಕೋದೂ.

ಎಲ್ಲರೂ ನಕ್ಕರು. ಲತೀರನೂ ನಕ್ಕ. ನಾನು ಹೇಳಿದೆ: "ನಿನ್ನ ಕೈ ಗಲೀಜು ಕೋದೂ. ಬೆಳಗಿಂದ ಯಾರ್‍ಯಾರನ್ನ ಮುಟ್ಟಿ ಬಂದಿದೀಯೋ. ನನ್ನ ಮಗಳಿಗೆ ಏನಾದ್ರೂ ಆದ್ರೆ ನೀನು ಹೆತ್ತುಕೊಡ್ತೀಯಾ?"

ಕೋದೂಗೆ ಮಕ್ಕಳಿಲ್ಲ. ಅದಕ್ಕೇ ಗಂಡ ಇನ್ನೊಬ್ಬಳನ್ನು ತಂದುಕೊಂಡು, ಇವಳು ತವರಿಗೆ ಬಂದಿರುವುದು. ಹೇಳುವಾಗ ಅದು ನನ್ನ ಮನಸ್ಸಿನಲ್ಲಿರಲಿಲ್ಲ. ಇರಲಿಲ್ಲ ಅಂತಲೇ ಅನ್ನಿಸುತ್ತದೆ.

ಅತ್ತೆ ಕೂಡಲೇ ಜೋರಾಗಿ ನಕ್ಕರು. ಶಭಾಷ್, ತುಕುಲೋರಿಗೂ ನಾಲಿಗೆ ಮೊಳೀತು, ಕೋದೂ ನೀನೂ ಒಂದು ಬಿಗಿ ಎಂದರು. ಕೋದೂ ನಗುವುದಕ್ಕೆ ಬಾಯಿ ಕೂಡ ತೆರೆದಿದ್ದಳು.

"ನಾನು ತಮಾಷೆಗೆ ಹೇಳ್ತಿಲ್ಲ ಅತ್ತೆ" ಎಂದೆ.

ಆ ಅಂಗಳದಲ್ಲಿ ಜಗಿಯುವ ಸದ್ದು ಕೇಳಿಸಿದ್ದು ಇದೇ ಮೊದಲು.

6 ಜುಲೈ, ಸೋಮವಾರ

ಲತೀರ್ ಕೆಲಸಕ್ಕೆ ಹೊರಡುವ ಮುಂಚೆ ಬುದ್ಧಿ ಹೇಳಿ ಹೋದ. ಹಳೇ ಫ್ರಿಜ್ಜುಗಳನ್ನು ರಿಪೇರಿ ಮಾಡುವವನಿಗೆ ಎಲ್ಲವನ್ನೂ ರಿಪೇರಿ ಮಾಡಬಹುದೆಂಬ ನಂಬಿಕೆ. ಬೈದದ್ದು ತಪ್ಪಲ್ಲವಂತೆ, ಎಷ್ಟು ಕೆಟ್ಟದಾಗಿ ಬೈದರೂ ನಡೆಯುತ್ತದಂತೆ. ಸಿಟ್ಟು ಮಾಡಿಕೊಂಡದ್ದು ತಪ್ಪಂತೆ.

"ಈಗ ಹೋಗು, ಅಮ್ಮಂಗೆ ನಾಲ್ಕು ಬೈದು ಬಾ. ಕೋದೂಗೆ ಎಂಟು. ಸಂಜೆ ಹೊತ್ತಿಗೆ ಸರಿಹೋಗಿರುತ್ತೆ."

ಎಂಥ ಮನೆ ಇದು. ತಪ್ಪು ಮಾಡಿದವಳು ಹೋಗಿ ಇನ್ನಷ್ಟು ಬೈಯಬೇಕಂತೆ. ನಾನು ಹಳ್ಳಿಗುಗ್ಗಿಯಲ್ಲ. ಮಾತು ಮೀರಿದೆ ಅನ್ನಿಸಿದರೆ ನಾಗರಿಕರು ಏನು ಮಾಡುತ್ತಾರೋ ಅದನ್ನೇ ಮಾಡುತ್ತೇನೆ.

8 ಜುಲೈ, ಬುಧವಾರ

ಕ್ಷಮೆ ಕೇಳಿದೆ. ಅತ್ತೆ ಬಿಸಿಲಿಗೆ ಹರವಿದ್ದ ಸಜ್ಜೆ ಹಿಟ್ಟಿನ ಪಕ್ಕ ಕೂತಿದ್ದರು, ಕೋದೂ ಅವರ ಜಡೆ ಹೆಣೆಯುತ್ತಿದ್ದಳು. ಮಾಸ್ಕ್ ಹಾಕಿಕೊಂಡು ಎದುರಿಗೆ ನಿಂತು, ಭಾನುವಾರ ಆಡಿದ ಮಾತಿಗೆ ಕ್ಷಮೆ ಇರಲಿ, ಮಗುವಿನ ಆರೋಗ್ಯದ ಕಾರಣಕ್ಕೆ ಹಾಗೆ ಮಾತಾಡಬೇಕಾಯಿತು, ಇಬ್ಬರ ಮೇಲೂ ನನಗೆ ಗೌರವವಿದೆ ಎಂದೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತು, ಒಂದೂ ತಪ್ಪಲಿಲ್ಲ.

ಅತ್ತೆ ನನ್ನ ಮುಖವನ್ನೇ ನೋಡಿದರು. ನಾನು ಇನ್ನೂ ಏನೋ ಹೇಳಲಿದ್ದೇನೆ ಎಂಬಂತೆ ಕಾದರು. ಹೇಳಲು ಇನ್ನೇನೂ ಇರಲಿಲ್ಲ.

"ನಮ್ಮ ನಿಮ್ಮ ನಡುವೆ ಕ್ಷಮೆಯಾ" ಎಂದರು. ಆಮೇಲೆ ಹಿಟ್ಟಿನ ಕಡೆ ತಿರುಗಿ, "ಆಗಲಿ. ಕ್ಷಮಿಸಿದೀವಿ" ಎಂದರು.

ಕೋದೂ ಜಡೆಯಿಂದ ಕಣ್ಣೆತ್ತಲಿಲ್ಲ. ನನಗೆ ಹಗುರವಾಯಿತು. ಮಧ್ಯಾಹ್ನ ಸ್ವಲ್ಪ ಹೊತ್ತು ನಿದ್ದೆಯೂ ಬಂತು.

19 ಜುಲೈ, ಭಾನುವಾರ

ಒಂದು ಮಾತು ನೇರವಾಗಿ ಹೇಳಿದರೆ ಮನೆ ಎಷ್ಟು ಬದಲಾಗುತ್ತದೆ. ಈಗ ನಾನು ತಟ್ಟೆ ಹಿಡಿದು ಹೋಗುವ ಪ್ರಮೇಯವಿಲ್ಲ. ನಮ್ಮಿಬ್ಬರ ಊಟ ಮುಚ್ಚಳ ಹಾಕಿಕೊಂಡು ಕೋಣೆ ಬಾಗಿಲಿಗೇ ಬರುತ್ತದೆ. ಒಳ್ಳೆಯ ತುಂಡನ್ನೇ ಇಟ್ಟಿರುತ್ತಾರೆ. ಇವತ್ತು ತಳದ ಗರಿಗರಿ ಅನ್ನವನ್ನೂ ಕೆರೆದು ಇಟ್ಟಿದ್ದರು. ಮೊದಲಾದರೆ ಅದಕ್ಕೆ ಕೋದೂ ಜತೆ ಗುದ್ದಾಡಬೇಕಿತ್ತು, ತುಕುಲೋರಿಗೆ ಹಲ್ಲೆಲ್ಲಿದೆ, ಹಾಲು ಕುಡಿ ಹೋಗು ಅನ್ನುತ್ತಿದ್ದಳು.

ಕೋದೂ ಈಗ ಸೋಪಿನಲ್ಲಿ ಕೈ ತೊಳೆಯುತ್ತಾಳೆ. ಮಗುವನ್ನು ಎತ್ತಿಕೊಳ್ಳುವುದಿಲ್ಲ. ನನ್ನನ್ನು ಜೈನಬಾ ಎಂದೇ ಕರೆಯುತ್ತಾಳೆ. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದೇ ಇಲ್ಲ.

ಮೊದಲೇ ಹೇಳಬೇಕಿತ್ತು.

31 ಜುಲೈ, ಶುಕ್ರವಾರ, ತಬಾಸ್ಕಿ ಹಬ್ಬ

ಕುರಿ ಕೊಯ್ದರು. ಹೊಗೆಗೆ ಮಗು ಕೆಮ್ಮೀತೆಂದು ಕಿಟಕಿ ಮುಚ್ಚಿ ಒಳಗೇ ಇದ್ದೆವು.

ಸಂಜೆ ಹೊಸ ಬಟ್ಟೆ ಉಟ್ಟು ಮನೆಮನೆಗೆ ಹೋಗಿ ಕ್ಷಮೆ ಕೇಳುವ ಹೊತ್ತು. ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ, ತಪ್ಪು ಮಾಡಿರಲಿ ಬಿಡಲಿ. ಕೋದೂ ಬಾಗಿಲಿಗೆ ಬಂದು ಹೊಸ್ತಿಲಾಚೆ ನಿಂತು, ನನ್ನಿಂದೇನಾದರೂ ತಪ್ಪಾಗಿದ್ದರೆ ಕ್ಷಮಿಸು, ನಾನೂ ನಿನ್ನನ್ನು ಕ್ಷಮಿಸಿದ್ದೇನೆ, ದೇವರು ಇಬ್ಬರನ್ನೂ ಕ್ಷಮಿಸಲಿ ಎಂದಳು. ನಾನೂ ಹಾಗೇ ಹೇಳಿದೆ. ಹೋದಳು.

ಪ್ರತಿ ವರ್ಷ ಇದಾದ ಮೇಲೆ ಒಂದು ಬಾಲ ಇರುತ್ತಿತ್ತು: ತೊತ್ತಿಗೆ ಕ್ಷಮೆಗಿಮೆ ಇಲ್ಲ, ಹೋಗಿ ಕುರಿ ಕರುಳು ತೊಳಿ. ಈ ಸಲ ಇರಲಿಲ್ಲ. ಅಚ್ಚುಕಟ್ಟಾಗಿತ್ತು.

ಲತೀರ್ ಅಂಗಳದಲ್ಲೇ ಉಂಡು ಬಂದ. ಕೇಳಿದ್ದಕ್ಕೆ ಊಟ ಚೆನ್ನಾಗಿತ್ತು ಎಂದ. ಈಚೆಗೆ ಅವನದು ಇಷ್ಟೇ ಮಾತು.

17 ಆಗಸ್ಟ್, ಸೋಮವಾರ

ಆಫೀಸು ಶುರುವಾಯಿತು. ಬಸ್ಸಿನಲ್ಲಿ ಮೊಣಕಾಲಿಗೆ ಮೊಣಕಾಲು, ಎಲ್ಲರ ಮಾಸ್ಕೂ ಗದ್ದದ ಮೇಲೆ. ರಾಜಧಾನಿ ದಕಾರ್ ಮುಟ್ಟುವವರೆಗೆ ಉಸಿರು ಹಿಡಿದಿದ್ದೆ ಅನ್ನಬಹುದು.

ಮಗುವನ್ನು ಅತ್ತೆಯ ಬಳಿ ಬಿಡದೆ ಗತಿಯಿಲ್ಲ. ಬೆಳಗ್ಗೆ ಎಲ್ಲವನ್ನೂ ವಿವರಿಸಿದೆ. ಅವಳ ತಟ್ಟೆ, ಅವಳ ಚಮಚ, ಅವಳ ಲೋಟ. ಯಾರೂ ಕೈತುತ್ತು ಕೊಡಬಾರದು. ಮುದ್ದು ಬೇಡ. ಅತ್ತೆ ತಲೆಯಾಡಿಸುತ್ತ ಕೇಳಿ, "ನೀವು ಹೇಗೆ ಹೇಳ್ತೀರೋ ಹಾಗೆ" ಎಂದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ಎಣಿಸಿರಲಿಲ್ಲ.

ಆಫೀಸಿನಲ್ಲಿ ಊಟಕ್ಕೆ ಹೋಟೆಲಿನಿಂದ ಹರಿವಾಣ ತರಿಸಿದ್ದರು. ಹೊಸದಾಗಿ ಬಂದ ಮೇಲಧಿಕಾರಿ, ಬನ್ನಿ ಜೈನಬಾ ಎಂದು ಜಾಗ ಬಿಟ್ಟರು. ಎಲ್ಲರ ಎದುರು ಬೇಡ ಅನ್ನುವುದು ಹೇಗೆ. ಅಂಚಿನಲ್ಲಿ ಕೂತು ನಾಲ್ಕು ತುತ್ತು ತಿಂದೆ. ಆಮೇಲೆ ಮೊಣಕೈವರೆಗೆ ಸ್ಯಾನಿಟೈಸರ್ ಸುರಿದುಕೊಂಡೆ. ಮನೆಯಲ್ಲಿ ಇದನ್ನು ಹೇಳಬೇಕಾಗಿಲ್ಲ. ಆಫೀಸಿನ ಮಾತೇ ಬೇರೆ.

12 ಸೆಪ್ಟೆಂಬರ್, ಶನಿವಾರ

ಮಳೆ. ಬೀದಿಯಲ್ಲಿ ಮೊಣಕಾಲುದ್ದ ನೀರು. ಮಗು ಗುಡುಗಿಗೆ ಹೆದರಿ ಅಳುತ್ತಿತ್ತು, ನಾನು ಒಳಗೆ ನುಗ್ಗಿದ ನೀರು ಬಳಿಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಎತ್ಕೊಳ್ಳಲಾ?"

ಎತ್ತಿಕೊಳ್ಳಿ ಎಂದೆ. ಕೈ ತೊಳೆದುಕೊಂಡು ಬಂದು ಎತ್ತಿಕೊಂಡರು. ಅಳು ನಿಂತ ಕೂಡಲೇ ನನ್ನ ಹಾಸಿಗೆಯ ಮೇಲೆ ಇಳಿಸಿ ಹೋದರು. ಮೊದಲಾದರೆ ಬೆನ್ನಿಗೆ ಕಟ್ಟಿಕೊಂಡು ಓಣಿಯೆಲ್ಲ ಸುತ್ತಿಸಿ, ಯಾರದೋ ಮನೆಯ ಬೆಲ್ಲ ತಿನ್ನಿಸಿ ತಂದು, ತಗೋ ನಿನ್ನ ತೊತ್ತಿನ ಮರಿ ಅನ್ನುತ್ತಿದ್ದರು.

ಮಧ್ಯಾಹ್ನ ಅತ್ತೆ ಮರೆತು ಮಗುವಿನ ತಟ್ಟೆಯಲ್ಲಿದ್ದ ಮೀನನ್ನು ಬೆರಳಿನಿಂದ ಮುರಿದರು. ಮಗು ತಟ್ಟೆ ಸರಿಸಿ, ಗಲೀಜು ಅಂದಿತು. ಎಷ್ಟು ಸ್ಪಷ್ಟ ಉಚ್ಚಾರ. ಅತ್ತೆ ಕೈ ಹಿಂತೆಗೆದುಕೊಂಡು ಉಟ್ಟ ಬಟ್ಟೆಗೆ ಒರೆಸಿಕೊಂಡರು. ಮಕ್ಕಳಿಗೆ ಒಮ್ಮೆ ಅಭ್ಯಾಸವಾದರೆ ಸಾಕು, ಆಮೇಲೆ ತಾವೇ ಪಾಲಿಸುತ್ತವೆ.

ಆದರೂ ಇವತ್ತು ನಿದ್ದೆ ಬರಲಿಕ್ಕಿಲ್ಲ.

18 ಅಕ್ಟೋಬರ್, ಭಾನುವಾರ

ಈ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಓಣಿಯಲ್ಲೂ ಇಲ್ಲ. ಮಾರುಕಟ್ಟೆ, ಬಸ್ಸು, ಮಸೀದಿ, ಮದುವೆ ಎಲ್ಲ ಮೊದಲಿನಂತೆ ತುಂಬಿವೆ. ಹುಷಾರಾಗಿದ್ದೆವು ಅದಕ್ಕೇ ಏನೂ ಆಗಲಿಲ್ಲ ಎಂದು ಲತೀರನಿಗೆ ಹೇಳಿದೆ. ಇರಬಹುದು ಎಂದ.

ಹರಿವಾಣಕ್ಕೆ ಮರಳುವುದೆಂದು ತೀರ್ಮಾನಿಸಿದೆ. ಹಂತಹಂತವಾಗಿ. ಮೊದಲು ನಾನು, ಆಮೇಲೆ ಮಗು. ಯಾರಾದರೂ ಕರೆಯುತ್ತಾರೆಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಮುಚ್ಚಳದ ತಟ್ಟೆ ಆಗಲೇ ಬಂದಿತ್ತು. ಅದನ್ನು ಅಲ್ಲೇ ಬಿಟ್ಟು ಚಾಪೆಯ ಹತ್ತಿರ ಹೋದೆ.

ಎಲ್ಲರೂ ಸರಿದು ಜಾಗ ಮಾಡಿದರು. ಕೋದೂ ಎದ್ದು ಹೋಗಿ ಚಮಚ ತಂದು ನನ್ನ ಮುಂದಿಟ್ಟಳು, ದಕಾರಿನಿಂದ ಅಧಿಕಾರಿಗಳು ಬಂದರೆ ಕೊಡುವ ಚಮಚ. ಅತ್ತೆ ಮೀನಿನ ದೊಡ್ಡ ತುಂಡು ಮುರಿದು ನನ್ನ ಕಡೆ ತಳ್ಳಿ, ತಗೊಳ್ಳಿ, ಸಂಕೋಚ ಬೇಡ ಎಂದರು. ಚಮಚದಲ್ಲೇ ತಿಂದೆ. ಕೋದೂ ಮೊದಲು ಎದ್ದಳು, ಸಾಕು ಎಂದು. ಆಮೇಲೆ ಅತ್ತೆ. ಲತೀರ್ ಕೂಡ. ಅನ್ನ ಅರ್ಧಕ್ಕರ್ಧ ಹಾಗೇ ಇತ್ತು.

ಈಚೆಗೆ ಎಲ್ಲರ ಊಟವೂ ಕಡಿಮೆಯಾಗಿದೆ.

7 ನವೆಂಬರ್, ಶನಿವಾರ

ಅಮ್ಮ ಬಂದಿದ್ದಾಳೆ. ನದಿ ದಡದ ಪೊದೋರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಮಾಸ್ಕನ್ನು ಚೀಲದಲ್ಲಿಟ್ಟುಕೊಂಡು.

ಗೇಟು ದಾಟುವ ಮೊದಲೇ ಶುರು. "ಯಾರಲ್ಲಿ, ಒಡತಿ ಬಂದಿದಾಳೆ, ಗಂಟು ಇಳಿಸ್ಕೊಳ್ರೇ" ಎಂದು ಕೂಗಿದಳು. ಅತ್ತೆ ಅಡುಗೆಮನೆಯಿಂದಲೇ, "ತಪ್ಪಿಸ್ಕೊಂಡು ಹೋಗಿದ್ದ ತೊತ್ತು ಹಸಿವಾದ ಮೇಲೆ ಮರಳಿ ಬಂತು, ಬಾಗಿಲು ಹಾಕಿ" ಎಂದರು. ಆಮೇಲೆ ಇಬ್ಬರೂ ತಬ್ಬಿಕೊಂಡು ಬೆನ್ನಿಗೆ ಬೆನ್ನಿಗೆ ಗುದ್ದಿಕೊಂಡರು. ಕೋದೂ ಅಮ್ಮನ ಗಂಟು ಬಿಚ್ಚಿ, ಇಷ್ಟೇನಾ, ಭಿಕ್ಷೆ ಚೆನ್ನಾಗಿ ಆಗಲಿಲ್ವಾ ಎಂದು ಕೇಳಿದಳು. ಅವಳು ಇಷ್ಟು ಜೋರಾಗಿ ನಗುವುದನ್ನು ಕೇಳಿ ತಿಂಗಳುಗಳಾದವು. ಮಗು ಅವರ ಸುತ್ತ ಸುತ್ತುತ್ತ ಒಬ್ಬೊಬ್ಬರ ಮುಖವನ್ನೂ ನೋಡುತ್ತಿತ್ತು.

ಮೂವರೂ ಒಂದೇ ಹರಿವಾಣದಲ್ಲಿ ಉಂಡರು. ಅಮ್ಮ ನನ್ನನ್ನು ಕರೆದಳು. ನಮ್ಮದು ಆಯ್ತು ಎಂದೆ. ತಟ್ಟೆ ಬಂದಿತ್ತು.

ಸಂಜೆ ಕೋಣೆಯಲ್ಲಿ ಅಮ್ಮ ಮಗುವಿನ ತಲೆ ಬಾಚುತ್ತಿದ್ದಳು. ಅತ್ತೆ ಬಾಗಿಲಿಗೆ ಬಂದು, ಜೈನಬಾ, ನಿಮಗೆ ಚಹಾ ಕಳಿಸಲಾ ಎಂದು ಕೇಳಿ ಹೋದರು. ಅಮ್ಮನ ಬಾಚಣಿಗೆ ನಿಂತಿತು.

"ಇವರು ನಿನ್ನ ಬೈಯೋದು ಯಾವಾಗ ಬಿಟ್ರು?"

"ತುಂಬ ದಿನ ಆಯ್ತಮ್ಮ. ಈಗ ಮರ್ಯಾದೆ ಕೊಡ್ತಾರೆ."

ಅಮ್ಮ ಬಾಚಿದ ತಲೆಯನ್ನೇ ಮತ್ತೆ ಬಾಚತೊಡಗಿದಳು. ಮಗು ನೋಯುತ್ತದೆ ಎಂದು ಅತ್ತಾಗ ನಿಲ್ಲಿಸಿದಳು.

15 ನವೆಂಬರ್, ಭಾನುವಾರ

ಅಮ್ಮ ಮೊನ್ನೆ ಹೋದಳು. ಹೋಗುವಾಗ ಅತ್ತೆಯ ಕೈ ಹಿಡಿದು ತುಂಬ ಹೊತ್ತು ಏನೋ ಹೇಳುತ್ತಿದ್ದಳು. ಅತ್ತೆ ತಲೆ ತಗ್ಗಿಸಿ ಕೇಳುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ಮಾತು ನಿಲ್ಲಿಸಿದರು.

ಅಂದಿನಿಂದ ಯೋಚಿಸಿ ಯೋಚಿಸಿ ಇವತ್ತು ಹೋದೆ. ಚಮಚ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಮಗುವನ್ನೂ ಜತೆಗೆ ಕರೆದುಕೊಂಡೆ. ಎಲ್ಲರೂ ಚಾಪೆಯ ಮೇಲಿದ್ದರು, ಆಗಷ್ಟೇ ಶುರುಮಾಡಿದ್ದರು. ಕೋದೂ ನನಗೆ ಬೆನ್ನು ಮಾಡಿ ಕೂತಿದ್ದಳು. ಪರೀಕ್ಷೆಗೆ ಹೋಗಿ ನಿಂತಂತಿತ್ತು. ಆದರೂ ಹೇಳಿದೆ:

"ಏ ತೊತ್ತೇ, ಒಡತಿ ಬಂದು ನಿಂತಿದ್ರೂ ಹಂದಿ ಥರ ತಿಂತಿದೀಯಲ್ಲ. ಸರಿ ಆಚೆ."

ಕೋದೂ ತಿರುಗಿ ನೋಡಿದಳು. ನನ್ನನ್ನಲ್ಲ, ಅತ್ತೆಯನ್ನು. ಆಮೇಲೆ ಎಂಜಲುಗೈಯನ್ನು ಎತ್ತಿ ಹಿಡಿದುಕೊಂಡು ಎದ್ದಳು.

"ಬನ್ನಿ, ಇಲ್ಲೇ ಕೂತ್ಕೊಳ್ಳಿ. ನಂದು ಆಯ್ತು" ಎಂದು ನಲ್ಲಿಯ ಕಡೆ ಹೋದಳು. ಸೋಪಿನ ಡಬ್ಬಿ ತೆಗೆದ ಸದ್ದು ಕೇಳಿಸಿತು.

ಮಗು ಅಳತೊಡಗಿತು. ಅಮ್ಮ ಬೈದಳು, ಅಮ್ಮ ಬೈದಳು ಎಂದು ಅತ್ತೆಯ ಹಿಂದೆ ಅಡಗಿಕೊಂಡಿತು. ಅತ್ತೆ ಅವಳನ್ನು ಕೈಯಿಂದ ಮುಟ್ಟಲಿಲ್ಲ. ಮೊಣಕೈಯಿಂದ ಹತ್ತಿರಕ್ಕೆ ಸರಿಸಿಕೊಂಡು, "ಬೈದಿಲ್ಲ ಕಂದ. ನಿಮ್ಮಮ್ಮ ತಮಾಷೆ ಮಾಡಿದ್ರು. ತಮಾಷೆ ಅಂದ್ರೆ ಹಂಗೇ ಇರುತ್ತೆ" ಎಂದರು. ಮಗು ಸುಮ್ಮನಾಗಲಿಲ್ಲ. ಅತ್ತೆ ಮತ್ತೆ ಹೇಳಿದರು.

ಲತೀರ್ ಅನ್ನವನ್ನೇ ನೋಡುತ್ತಿದ್ದ.

ನಾನು ಕೋದೂ ಎದ್ದು ಹೋದ ಜಾಗದಲ್ಲಿ ಕೂತೆ. ಎಡಗೈಯಲ್ಲಿ ಅಂಚು ಹಿಡಿದುಕೊಂಡೆ. ಅವಳ ಪಾಲಿನ ಅನ್ನ ಅಲ್ಲೇ ಇತ್ತು, ಅರ್ಧ ಒತ್ತಿದ ಉಂಡೆ, ಅದರ ಮೇಲೆ ಬೆರಳುಗಳ ಗುರುತು. ಅದನ್ನೇ ತೆಗೆದು ಬಾಯಿಗಿಟ್ಟುಕೊಂಡೆ. ಯಾರೂ ನೋಡಲಿಲ್ಲ.